ಕರಿ ಪರದೆಯ ಮೇಡಂ

ಮೊದಲೇ ಹೇಳಿಬಿಡುತ್ತೇನೆ: ಪ್ರಿನ್ಸಿಪಾಲರ ಮಾತು ಹೊತ್ತುಕೊಂಡು ಮೇಡಂ ಮನೆಗೆ ಓಡಿದ ಕತ್ತೆ ನಾನೇ. ಕಾಲೇಜಿನಲ್ಲಿ ಅವರಿಬ್ಬರ ದನಿಯನ್ನೂ ನನ್ನಷ್ಟು ಚೆನ್ನಾಗಿ ತೆಗೆಯುವವರು ಬೇರೆ ಯಾರೂ ಇರಲಿಲ್ಲ. ಆ ಕೊಬ್ಬು ಬೇರೆ.

ಹೋದ ವಾರ ಶ್ರೀರಾಮನಗರದ ಒಂದು ಅಕ್ಕಿ ಗಿರಣಿಗೆ ಕಂಪ್ಯೂಟರ್ ರಿಪೇರಿಗೆಂದು ಹೋಗಿದ್ದೆ. ಹಳೆಯ ಸಿಪಿಯು ಚಾಲೂ ಮಾಡಿದೊಡನೆ, ಒಳಗೆ ಕೂತಿದ್ದ ತೌಡಿನ ಧೂಳು ಬಿಸಿಯಾಗಿ ಹುರಿದಂಥ ವಾಸನೆ ಬಂತು. ಗಂಗಾವತಿಯ ನಮ್ಮ ಡಿಪ್ಲೊಮಾ ಕಾಲೇಜಿನ ಲ್ಯಾಬಿಗೂ ಇದೇ ವಾಸನೆ. ಪಕ್ಕದಲ್ಲೇ ಗಿರಣಿ, ಕಿಟಕಿಗೆ ಗಾಜಿಲ್ಲ...

ಮೇಡಂ ಅಲ್ಲಿ ನಮಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಗೆಸ್ಟ್ ಲೆಕ್ಚರರ್. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಅಮ್ಮಿ. ಇಬ್ಬರಿಗೂ ಈ ಕೆಲಸವೇ ಆಧಾರ. ಲ್ಯಾಬಿನ ಕಂಪ್ಯೂಟರುಗಳು ಮುದಿಯಾಗಿದ್ದವು. ಬಟನ್‌ಗಳನ್ನು ಮೌಸಿನಿಂದ ಎಳೆದು ಕೂರಿಸುವ ಐಡಿಇ ಎಂಬ ಭಾರೀ ಸಾಫ್ಟ್‌ವೇರ್ ಅವಕ್ಕೆ ಎತ್ತಲಾಗದ ಮೂಟೆ. ಹಾಗಾಗಿ ಮೇಡಂ ನೋಟ್‌ಪ್ಯಾಡಿನಲ್ಲಿ ಕೋಡ್ ಬರೆಸಿ, ಅದನ್ನು ಓಡುವ ಪ್ರೋಗ್ರಾಮಾಗಿಸುವ ಕಂಪೈಲರಿಗೆ ಕರಿ ಪರದೆಯಲ್ಲಿ ಆಜ್ಞೆ ಟೈಪ್ ಮಾಡಿಸುತ್ತಿದ್ದರು. ಅದಕ್ಕೂ ಮೊದಲು ಗ್ರಾಫ್ ಹಾಳೆಯಲ್ಲಿ ವಿಂಡೋ ಬರೆದು, ಬಟನ್ ಎಲ್ಲಿ ಕೂರಬೇಕೆಂದು ಚೌಕ ಎಣಿಸಿ, ಆ ಅಂಕಿಯನ್ನು ಕೋಡಿಗೆ ಹಾಕಬೇಕು.

ನಾನು ಗಣಿತದ ಗ್ರಾಫಿನಂತೆ ಕೆಳಗಿನಿಂದ ಎಣಿಸಿದೆ. ವಿಂಡೋ ಬಂತು, ಬಟನ್ ನಾಪತ್ತೆ.

"ಪರದಿ ಮ್ಯಾಲಿಂದ ಕೆಳಗ ಎಣಸ್ತೈತಿ, ತಮ್ಮಾ. ನಿನ್ನ ಬಟನ್ ನೆಲಮಾಳಗಿಯೊಳಗ ಕುಂತೈತಿ, ಕರಕೊಂಡು ಬಾ."

ಪರದೆ ತುಂಬ ತಪ್ಪುಗಳ ಸಾಲು ಇಳಿದಾಗ, "ಮೊದಲನೇದ್ದಷ್ಟ ಓದು. ಉಳಿದಾವೆಲ್ಲ ಅದರ ಮಕ್ಕಳು" ಎನ್ನುತ್ತಿದ್ದರು. ನಾನು ಅವರಂತೆಯೇ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅದನ್ನೇ ಅವರ ದನಿಯಲ್ಲಿ ಹೇಳಿದರೆ, ಮೊದಲು ನಗುವವರು ಅವರೇ.

ಆಮೇಲೆ ಹೊಸ ಪ್ರಿನ್ಸಿಪಾಲರು ಬಂದರು. ಕುತ್ತಿಗೆಯೇ ಇಲ್ಲದ ಮನುಷ್ಯ, ಮಾತಿಗೆ ಮೊದಲು ಎರಡು ಕೆಮ್ಮು.

"ಏನ್ರೀ ಮೇಡಂ, ಇನ್ನೂ ಕರಿ ಪರದಿ ಮುಂದ ಹುಡುಗರನ್ನ ಕುಂದ್ರಿಸೀರಿ? ಐಡಿಇ ಕಲಸ್ರಿ."

"ಹಾಕಿ ನೋಡೀನ್ರಿ ಸರ್. ಅದು ತೆರಿಯೋದ್ರೊಳಗ ಪಿರಿಯಡ್ ಮುಗಿತೈತಿ. ಹೊಸಾ ಮಷೀನ್ ಕೊಡಸ್ರಿ, ನಾಳಿಂದನ ಕಲಸ್ತೀನಿ."

ಇಷ್ಟೇ ಅವರು ಮಾಡಿದ ಅಪರಾಧ. ಸೆಮಿಸ್ಟರಿನ ನಡುವೆಯೇ ಬರಬೇಡಿ ಎಂದು ಕಳಿಸಿದ. ಹೌದು, ಕಳಿಸಿದ, ಇನ್ನು ಆ ಮನುಷ್ಯನಿಗೆ ಬಹುವಚನ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಹೊಸ ಮಷೀನ್ ಒಂದೂ ಬರಲಿಲ್ಲ. ಬಾಗಿಲ ಮೇಲೆ ಹೊಸ ಬೋರ್ಡು ಬಂತು: ಆಧುನಿಕ ಲ್ಯಾಬ್. ಒಳಗೆ ನಾವು ಪಿರಿಯಡ್ ಪೂರ್ತಿ, ಐಡಿಇ ತೆರೆದೀತೆಂದು ಪರದೆಯ ಮೇಲೆ ತಿರುಗುವ ಚಕ್ರ ನೋಡುತ್ತ ಕೂತೆವು. ಕಲಿಸುವವರನ್ನು ಓಡಿಸಿ ಬೋರ್ಡಿಗೆ ಬಣ್ಣ ಬಳಿದವನು! ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅಷ್ಟರಲ್ಲಿ ತಪಾಸಣೆಯ ತಂಡ ಬರುವುದೆಂದು ಸುದ್ದಿ ಬಂತು. ಓಡುವ ಪ್ರೋಗ್ರಾಮ್ ತೋರಿಸಬೇಕು. ಇದ್ದವೆಲ್ಲ ಮೇಡಂ ಮಾಡಿಸಿದವು. ಆತ ನನ್ನನ್ನು ಕರೆದ.

"ಕೆಹ್, ಕೆಹ್... ಹೋಗಿ ಹೇಳು. ಒಂದ ದಿನ ಬಂದು ತೋರಿಸಿ ಹೋಗಲಿ. ಮುಂದಿನ ವರ್ಷ ಅವರ ಕೆಲಸದ್ದು ನೋಡೂಣು."

ಮೇಡಂ ಕೆಲಸ ಮರಳಿ ಬಂತೆಂದು ಈ ಕತ್ತೆ ಸೈಕಲ್ ಹತ್ತಿತು.

ಮೇಡಂ ಅಮ್ಮಿಗೆ ಗಂಜಿ ಕುಡಿಸುತ್ತಿದ್ದರು. ನಾನು ಕುತ್ತಿಗೆಯನ್ನು ಹೆಗಲೊಳಗೆ ಎಳೆದುಕೊಂಡು, ಕೆಮ್ಮು ಸಮೇತ, ಇದ್ದದ್ದು ಇದ್ದಹಾಗೆ ಒಪ್ಪಿಸಿದೆ. ಅಮ್ಮಿ ಗಂಜಿ ಚೆಲ್ಲುವಷ್ಟು ನಕ್ಕರು. ಮೇಡಂ ನಗಲಿಲ್ಲ. ಚಮಚ ಕೆಳಗಿಟ್ಟು ಉತ್ತರ ಕೊಟ್ಟರು.

ಆ ಉತ್ತರವನ್ನು ನಾನು ಪ್ರಿನ್ಸಿಪಾಲನ ಟೇಬಲ್ಲಿನ ಮುಂದೆ ನಿಂತು, ಮೇಡಂ ದನಿಯಲ್ಲೇ ಒಪ್ಪಿಸಿದೆ. ಮೇಡಂ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅಮ್ಮಿ ಹೋದ ಮೇಲೆ ಹೊಸಪೇಟೆಯಲ್ಲಿ ತಂಗಿಯ ಮನೆ ಸೇರಿದ್ದರು. ಅಲ್ಲಿಯೇ ತೀರಿಕೊಂಡರೆಂದು ನನಗೆ ಗೊತ್ತಾದದ್ದೂ ತಡವಾಗಿ...

ಗಿರಣಿಯ ಕಂಪ್ಯೂಟರ್ ಸರಿಯಾದ ಮೇಲೆ ನೋಟ್‌ಪ್ಯಾಡ್ ತೆರೆದು ಒಂದು ಚಿಕ್ಕ ವಿಂಡೋದ ಕೋಡ್ ಬರೆದೆ. ಕಂಪೈಲರ್ ವಿಂಡೋಸಿನೊಳಗೇ ಅಡಗಿರುತ್ತದೆಂದು ತೋರಿಸಿದವರು ಅವರೇ. ಎಂಟರ್ ಒತ್ತಿದೆ, ಬಟನ್ ಸರಿಯಾದ ಜಾಗದಲ್ಲೇ ಕೂತಿತ್ತು. ಶಹಬ್ಬಾಸ್ ಎಂದು ಅವರ ದನಿಯಲ್ಲಿ ನನಗೆ ನಾನೇ ಹೇಳಿಕೊಳ್ಳಲು ಹೋದೆ. ದನಿ ಏಳಲಿಲ್ಲ. ಎಲ್ಲರ ದನಿ ಬರುವ ಈ ಗಂಟಲಲ್ಲಿ ಅವರದು ಉಳಿದಿರುವುದು ಆ ದಿನ ಚಮಚ ಕೆಳಗಿಟ್ಟು ಹೇಳಿದ ಒಂದೇ ಮಾತಿಗೆ:

"ಅವರ ದನಿ ಛಲೋ ತಗಿತಿ, ತಮ್ಮಾ. ಈಗ ನನ್ನ ದನಿ ತಗದು ಅವರ ಮುಂದ ಹೇಳು: ಕಲಸಾಕ ಬ್ಯಾಡಾದಾಕಿ ತೋರಸಾಕೂ ಬರಂಗಿಲ್ಲ."