ಜೆರಾಕ್ಸ್ ಅಕ್ಕನ ಹೆಬ್ಬೆರಳು

ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಆ ಸೀಳಿನಲ್ಲಿ ಕೂತ ಕಪ್ಪು ಪುಡಿ ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಹಳೇ ಮಿಷನ್ನಿನೊಳಗೆ ಸಿಕ್ಕಿಕೊಂಡ ಹಾಳೆ ಎಳೆಯಲು ಹೋಗಿ ಆದ ಗಾಯವಂತೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲಿಗೆ ಇಳಿಯಬೇಕು. ಊರಿಗೆಲ್ಲ ಅವಳು ಜೆರಾಕ್ಸ್ ಅಕ್ಕ.

ಬೆಂಗಳೂರಿನ ಯಾವುದೋ ಆಫೀಸು ಕೈಬಿಟ್ಟ ದೊಡ್ಡ ಡಿಜಿಟಲ್ ಮಿಷನ್ನು ಅಂಗಡಿಗೆ ಬಂದ ಮೇಲೆ ಅಕ್ಕನ ಗತ್ತೇ ಬೇರೆಯಾಯಿತು. ಹಾಳೆಗಳ ಕಟ್ಟನ್ನು ಮೇಲಿಟ್ಟರೆ ಅದು ತಾನೇ ಒಂದೊಂದಾಗಿ ಎಳೆದುಕೊಂಡು, ಎರಡೂ ಬದಿ ತೆಗೆದು, ಪಿನ್ ಹೊಡೆದು ಕೊಡುತ್ತಿತ್ತು. ಆಧಾರ್ ಕಾರ್ಡಿನ ಹಿಂದು ಮುಂದು ಒಂದೇ ಹಾಳೆಯಲ್ಲಿ ಬರುತ್ತಿತ್ತು. ಹಾಳೆಯಂಚಿನ ಕಪ್ಪನ್ನು ಅಳಿಸುವ ಬಟನ್ನೂ ಇತ್ತು. ಕೆಲವರು ಪತ್ರದ ಹೆಸರಿನ ಮೇಲೆ ಬಿಳಿ ಚೀಟಿ ಇಟ್ಟು, ಅದರ ಗೆರೆಯೂ ಕಾಣದ ಹಾಗೆ ತೆಗೆದುಕೊಡು ಎಂದು ಮೆಲ್ಲಗೆ ಕೇಳುತ್ತಿದ್ದರು. ಅಂಥವರು ಬಂದರೆ ಮಾತ್ರ ಅಕ್ಕನ ಮಿಷನ್ನು ಕೆಟ್ಟಿರುತ್ತಿತ್ತು. ಅವರು ಮೆಟ್ಟಿಲಿಳಿದ ಮರುಕ್ಷಣ ಸರಿಹೋಗುತ್ತಿತ್ತು.

ಪ್ರತಿ ಗಿರಾಕಿ ಹೋದ ಮೇಲೂ ಮುಚ್ಚಳ ಎತ್ತಿ ನೋಡುವುದು ಅವಳ ಅಭ್ಯಾಸ. ಜನ ಜೆರಾಕ್ಸನ್ನು ಜೋಪಾನವಾಗಿ ಮಡಚಿಕೊಂಡು, ಅಸಲು ಪತ್ರವನ್ನು ಗಾಜಿನ ಮೇಲೇ ಮರೆತು ಹೊರಟುಬಿಡುತ್ತಾರೆ. ಅದನ್ನು ಹಿಡಿದುಕೊಂಡು ಅರಕಲಗೂಡು ಬಸ್ಸಿನವರೆಗೆ ಅವಳು ಓಡಿದ್ದನ್ನು ನಾನೇ ಕಂಡಿದ್ದೇನೆ. ಪ್ರತಿ ಜೆರಾಕ್ಸಿನ ಹಿಂದೆ ಅಂಗಡಿಯ ಸೀಲನ್ನೂ ಒತ್ತುತ್ತಿದ್ದಳು. ಯಾಕಕ್ಕಾ ಎಂದರೆ, ನನ್ನ ಕೆಲಸ ನನ್ನದು ಅಂತ ಗೊತ್ತಾಗಬೇಡವಾ ಎನ್ನುತ್ತಿದ್ದಳು.

ನಮ್ಮಜ್ಜನಿಗೆ ಸರ್ಕಾರ ಹಳೇಕೋಟೆ ಕಡೆ ಎರಡು ಎಕರೆ ಕೊಟ್ಟಾಗ ಬರೆದ ಸಾಗುವಳಿ ಚೀಟಿಯನ್ನು ನಾನು ಒಯ್ದದ್ದು ಅವಳ ಹತ್ತಿರವೇ. ಅದೊಂದೇ ನಮ್ಮ ಆಧಾರ. ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಅದನ್ನವಳು ಮಿಷನ್ನಿನ ಬಾಯಿಗೆ ಕೊಡಲಿಲ್ಲ. ಮುಚ್ಚಳ ತೆರೆದೇ ಗಾಜಿನ ಮೇಲೆ ಹರಡಿ, ಸುರುಳಿಯಾಗುವ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ನನಗೆ ಕೊಟ್ಟ ನಾಲ್ಕು ಪ್ರತಿಗಳಲ್ಲಿ ಆ ಬೆರಳನ್ನು ಅಳಿಸಿದ್ದಳು. ಆಮೇಲೆ, ಮಿಷನ್ನಿನ ಹೊಟ್ಟೆಯಲ್ಲಿ ತೆಗೆದ ಪ್ರತಿ ಉಳಿಸಿಡುವ ಬಾಕ್ಸುಗಳಿವೆ, ಹದಿನೇಳನೆಯದು ನಿನಗೆ, ನಾಲ್ಕಂಕಿಯ ಗುಟ್ಟಿನ ನಂಬರು ಒತ್ತು ಎಂದು ಮುಖ ಆಚೆ ತಿರುಗಿಸಿ ನಿಂತಳು. ಏನೋ ಆಟವೆಂದುಕೊಂಡು ಒತ್ತಿದೆ.

ನಾನು ಅಸಲನ್ನೂ ನಾಲ್ಕು ಜೆರಾಕ್ಸನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳುವುದನ್ನು ನೋಡಿ ಅಕ್ಕನ ಹುಬ್ಬು ಗಂಟಾಯಿತು.

"ಎಲ್ಲಾ ಒಂದೇ ಕವರ್‌ನಾಗೆ ಇಟ್ಕಂಡ್ರೆ ಜೆರಾಕ್ಸ್ ಯಾತಕ್ಕವ್ವಾ? ಓದ್ರೆ ಎಲ್ಲಾ ಒಟ್ಟಿಗೇ ಓಯ್ತದೆ ಕಣ. ಬ್ಯಾರೆ ಬ್ಯಾರೆ ಇಡು."

ಹೂಂ ಎಂದೆ. ಇಡಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವ್ವನ ಹೆಸರಿಗೆ ಖಾತೆ ಮಾಡಿಸಿಕೊಡುತ್ತೇನೆ ಎಂದು ದೂರದ ಸಂಬಂಧದ ಅಣ್ಣನೊಬ್ಬ ಬಂದಾಗ, ಒಳ್ಳೆಯವನೆಂದು ನಂಬಿ ಆ ಕವರನ್ನು ಇದ್ದಂತೆಯೇ ಅವನ ಕೈಗಿಟ್ಟೆ.

ವಾರವಾಗಿತ್ತೇನೋ. ನಾನು ಹಾಸನದಲ್ಲಿ ಕಾಲೇಜಿನ ಆಫೀಸು ಕೆಲಸದಲ್ಲಿದ್ದಾಗ ಅಕ್ಕನ ಫೋನು ಬಂತು. ಯಾವಾಗಲೂ ಜೋರಾಗಿ ಮಾತಾಡುವವಳು ಅಂದು ದನಿ ತಗ್ಗಿಸಿದ್ದಳು.

"ನಿಮ್ಮವ್ವನ ಹೆಸರು ಹಿಡ್ದು ಒಬ್ಬ ಕೇಳ್ದ ಕಣವ್ವ. ಬಿಳೀ ಅಂಗಿ. ಆ ಪತ್ರ ಮಿಷನ್ನಾಗೆ ಉಳಿದೈತಾ ಅಂದ. ಇಲ್ಲ ಅಂದೆ. ಮೂರು ದಿನದಿಂದ ಎದುರುಗಡೆನೇ ನಿಂತವ್ನೆ. ಕೈಲಿ ಒಂದು ಕಾಗ್ದನೂ ಇಲ್ಲ."

ಪತ್ರವನ್ನು ಯಾರಿಗಾದರೂ ಕೊಟ್ಟಿದ್ದೀಯಾ ಎಂದಳು. ನಮ್ಮ ಕಡೆಯವನಿಗೇ ಕೊಟ್ಟಿದ್ದೇನೆ, ಸುಮ್ಮನೆ ಹೆದರುತ್ತೀಯಲ್ಲಕ್ಕ ಎಂದು ನಕ್ಕೆ. ನಾಳೆಯೇ ಬಂದು ನಿನ್ನ ಬಾಕ್ಸಿನಿಂದ ಪ್ರಿಂಟ್ ತೆಗೆದುಕೊಂಡು ಹೋಗು ಎಂದಳು. ಕೆಲಸವಿದೆ, ಭಾನುವಾರ ಬರುತ್ತೇನೆ ಎಂದೆ. ಅವಳು ಫೋನಿಟ್ಟಳು.

ಭಾನುವಾರ ಬಸ್ಸಿಳಿದು ಗಲ್ಲಿಗೆ ತಿರುಗಿದರೆ ಷಟರ್ ಹಾಕಿತ್ತು. ಅದರ ಮೇಲೆ ಅವಳ ಫೋಟೋ, ಕೆಳಗೆ ಶ್ರದ್ಧಾಂಜಲಿ. ಶುಕ್ರವಾರ ಸಂಜೆ ಬಾಗಿಲು ಹಾಕಿ ಮನೆಗೆ ನಡೆದು ಹೋಗುವಾಗ ಹಿಂದಿನಿಂದ ಬಂದ ಗಾಡಿಯೊಂದು ಗುದ್ದಿ ನಿಲ್ಲಿಸದೆ ಹೋಯಿತಂತೆ. ಯಾವ ಗಾಡಿ, ಯಾರದು, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ಆದರೆ ಆ ಮೆಟ್ಟಿಲ ಮೇಲೆ ಕೂತಾಗ ನನಗೆ ನೆನಪಾದದ್ದು ಜೆರಾಕ್ಸಿನ ಹಿಂದಿನ ಸೀಲು. ಅಂಗಡಿಯ ದಾರಿಯನ್ನು ಆ ಬಿಳಿ ಅಂಗಿಯವನಿಗೆ ತೋರಿಸಿದ್ದು ನಾನು ಕೊಟ್ಟ ಕವರೇ.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. "ನೀನ್ಯಾವಾಗ ಕೊಟ್ಟೆ? ನಂಗೆ ಯಾವ ಕವರೂ ಕೊಟ್ಟಿಲ್ಲ" ಎಂದ, ನಿಧಾನವಾಗಿ, ಬಾಯಿಪಾಠ ಒಪ್ಪಿಸುವವನ ಹಾಗೆ. ಊರಿಗೆ ಹೋದರೆ ಅವ್ವ ಹೊಲದಲ್ಲಿ ನಿಂತಿದ್ದಳು. ನಾಲ್ಕು ಮೂಲೆಗೂ ಯಾರೋ ಹೊಸ ಕಲ್ಲು ನೆಟ್ಟಿದ್ದರು. ಚೀಟಿಯ ನಂಬರು, ತಾರೀಕು ನಮ್ಮಿಬ್ಬರಿಗೂ ನೆನಪಿರಲಿಲ್ಲ. ಅವಿಲ್ಲದೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಹುಡುಕಿಸುವ ಹಾಗೂ ಇರಲಿಲ್ಲ.

ಹನ್ನೊಂದರ ಕಾರ್ಯ ಮುಗಿದ ಮಾರನೆಯ ದಿನ ಅಕ್ಕನ ತಮ್ಮ ಅಂಗಡಿ ತೆರೆದ. ಅದನ್ನೇ ಕಾಯುತ್ತಿದ್ದ ನಾನು ಓಡಿದೆ. ಮಿಷನ್ನನ್ನು ಒಬ್ಬರು ಕೇಳಿದ್ದಾರೆ, ಕೆಟ್ಟು ನಿಂತಿದ್ದರೂ ಸರಿ ಅಂದಿದ್ದಾರೆ, ಈಗ ಟೆಂಪೋ ತರುತ್ತಾರೆ ಎಂದ. ನಾನು ಮಾತಿಗೆ ನಿಲ್ಲದೆ ಸ್ವಿಚ್ ಹಾಕಿದೆ. ಅದು ಬಿಸಿಯಾಗುವಷ್ಟು ಹೊತ್ತು ಗಲ್ಲಿಯ ಕಡೆಗೇ ನೋಡುತ್ತಿದ್ದೆ. ಹದಿನೇಳನೇ ಬಾಕ್ಸು. ಮೊದಲ ಸಲ ನಂಬರು ತಪ್ಪಿತು. ಎರಡನೇ ಸಲ ಒಳಗೆ ಏನೋ ಕರಕರ ಎಂದು, ಒಂದೇ ಒಂದು ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು.

ನಂಬರಿತ್ತು, ತಾರೀಕಿತ್ತು, ಅಜ್ಜನ ಹೆಸರಿತ್ತು. ಬಾಕ್ಸಿಗೆ ಹಾಕುವಾಗ ಅವಳು ಏನನ್ನೂ ಅಳಿಸಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಸೀಳುಗುರಿನ ಆ ಹೆಬ್ಬೆರಳು ಪತ್ರವನ್ನು ಇನ್ನೂ ಒತ್ತಿ ಹಿಡಿದಿತ್ತು. ನಾನು ಅಲ್ಲೇ ಅತ್ತುಬಿಟ್ಟೆ. ಅಕ್ಕನ ತಮ್ಮ ಹಾಳೆಯನ್ನು ಇಸಿದುಕೊಂಡು ನೋಡಿ ನನ್ನ ಕೈಗೇ ವಾಪಸು ಕೊಟ್ಟು, ಮಿಷನ್ ಯಾರಿಗೂ ಕೊಡಲ್ಲ ಎಂದು ಷಟರ್ ಅರ್ಧಕ್ಕೆ ಎಳೆದ. ಗಲ್ಲಿಯ ತುದಿಯಲ್ಲಿ ಟೆಂಪೋ ಬಂದು ನಿಂತಿತ್ತು. ಪಕ್ಕದಲ್ಲಿ ಬಿಳಿ ಅಂಗಿಯವನೊಬ್ಬ ನಿಂತಿದ್ದ. ಅವನು ನೋಡಿದ್ದು ನನ್ನ ಮುಖವನ್ನಲ್ಲ, ಕೈಯಲ್ಲಿದ್ದ ಹಾಳೆಯನ್ನು.

ಆ ನಂಬರಿನಿಂದ ದಾಖಲೆ ಸಿಕ್ಕಿ, ಸರ್ಕಾರದ ಸೀಲು ಸಹಿ ಇರುವ ನಕಲು ಬಂತು. ಅವ್ವ ಈ ಸಲವೂ ಅದೇ ಹೊಲದಲ್ಲಿ ರಾಗಿ ಬಿತ್ತಿದ್ದಾಳೆ. ಅವಳು ಬಿತ್ತುತ್ತಿರುವುದು ಅಕ್ಕನ ಋಣದಲ್ಲಿ, ಅದು ತೀರುವಂಥದ್ದಲ್ಲ. ಮೊನ್ನೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಆ ಬಿಳಿ ಅಂಗಿಯವನು ಮತ್ತೆ ಕಂಡ. ಕೈ ಖಾಲಿಯೇ ಇತ್ತು. ಸೀಲಿನ ನಕಲು ಒಂದು ಕವರಿನಲ್ಲಿದೆ, ಅಕ್ಕನ ಹೆಬ್ಬೆರಳಿನ ಹಾಳೆ ಇನ್ನೊಂದರಲ್ಲಿ. ಎರಡನ್ನೂ ಬೇರೆ ಬೇರೆ ಮನೆಯಲ್ಲಿ ಇಟ್ಟಿದ್ದೇನೆ. ಎಲ್ಲಿ ಅಂತ ಮಾತ್ರ ಇಲ್ಲಿ ಬರೆಯಲಾರೆ.