ಹದಿನಾಲ್ಕು ದೀಪದ ಟ್ರ್ಯಾಕ್ಟರ್

ಉಪ್ಪಲ್ ಡಿಪೋದ ತಿರುವಿನಲ್ಲಿ ಮೆಟ್ರೊ ರೈಲಿನ ಗಾಲಿ ಹಳಿಗೆ ಉಜ್ಜಿ, ಸ್ಟೀಲ್ ತಟ್ಟೆಯ ಮೇಲೆ ಚಮಚ ಎಳೆದಂತೆ ಸದ್ದು ಮಾಡುತ್ತದೆ. ಬೆಳಗಿನ ಆ ಸದ್ದಿಗೆ ಹಿಂದಿನ ಓಣಿಯಲ್ಲಿ ಹುಲಗೇಶ ಎದ್ದು ಕೂರುತ್ತಾನೆ, ಹಲ್ಲುಜ್ಜುವ ಮೊದಲೇ ಬೈಯಲು ಒಂದು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ. ಇಷ್ಟು ದೊಡ್ಡ ರೈಲು ಓಡಿಸುವವರಿಗೆ ಒಂದು ಹನಿ ಎಣ್ಣೆ ಬಿಡಲು ಬರುವುದಿಲ್ಲವೆಂದು ಹೆಂಡತಿಗೆ ಹೇಳುತ್ತಾನೆ. ಶೈಲಶ್ರೀ ಆರೇಳು ವರ್ಷದಿಂದ ಅದಕ್ಕೆ ಉತ್ತರ ಕೊಟ್ಟಿಲ್ಲ.

ಕೊಪ್ಪಳದ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಹೈದರಾಬಾದಿಗೆ ಬಂದ ಹುಲಗೇಶ, ಲಾರಿಗಳ ಕೆಳಗೆ ಮಲಗಿ ವೈರಿಂಗ್ ಕಲಿತವನು. ಈಗ ಐವತ್ತು ದಾಟಿದೆ. ಸ್ವಂತದ್ದೊಂದು ತಗಡಿನ ಅಂಗಡಿಯಿದೆ. ವೈರನ್ನು ಹಲ್ಲಿನಿಂದ ಸುಲಿಯುವವರು, ಎರಡು ತುದಿ ಹೊಸೆದು ಟೇಪು ಸುತ್ತಿ ಕೈತೊಳೆದುಕೊಳ್ಳುವವರು, ಫೋನು ನೋಡಿ ಕೆಲಸ ಕಲಿತವರು, ಎದುರಿನ ಗಾಜಿನ ಕಟ್ಟಡಗಳಲ್ಲಿ ಕೂತು ಮನೆಯ ಫ್ಯೂಸು ಹೋದರೆ ಅಪ್ಪನಿಗೆ ಫೋನು ಮಾಡುವವರು, ಇವರೆಲ್ಲ ಅವನ ಲೆಕ್ಕದಲ್ಲಿ ಒಂದೇ ಜಾತಿ. ಅದೇ ತಗಡಿನ ಕೆಳಗೆ ಶೈಲಶ್ರೀಯ ಹೊಲಿಗೆ ಯಂತ್ರವೂ ಇದೆ. ಗಾಡಿಗಳ ಸೀಟಿಗೆ, ಕ್ಯಾಬಿನ್ನಿನ ಒಳಮೈಗೆ ಅವಳು ರೆಕ್ಸಿನ್ ಹೊಲಿಯುತ್ತಾಳೆ. ಅದನ್ನು ಅವನು ದಿಂಬಿನ ಕೆಲಸವೆನ್ನುತ್ತಾನೆ. ಅರ್ಧ ಗಿರಾಕಿಗಳು ಸೀಟಿಗಾಗಿ ಬಂದು, ಬಂದದ್ದಕ್ಕೆ ವೈರಿಂಗೂ ಮಾಡಿಸಿಕೊಂಡು ಹೋಗುವವರೆಂದು ಅವನಿಗೆ ಯಾರೂ ಹೇಳಿಲ್ಲ.

ಪ್ರಾಣೇಶರಾಯರೂ ಸೀಟಿಗಾಗಿಯೇ ಬಂದವರು. ನಾರಾಯಣಗೂಡದ ಹಳೆಯ ಕನ್ನಡ ಮನೆತನ, ಮೂರು ತಲೆಮಾರಿನ ಸರಕಾರಿ ನೌಕರಿ. ನಿವೃತ್ತರಾದ ವರ್ಷ ಘಟ್ಕೇಸರದ ಆಚೆ ಹೊಲ ಕೊಂಡರು, ಹೊಲದ ಗುರುತು ಹತ್ತುವ ಮೊದಲೇ ಕ್ಯಾಬಿನ್ ಇರುವ ಟ್ರ್ಯಾಕ್ಟರನ್ನೂ ಕೊಂಡರು. ಇಸ್ತ್ರಿ ಪ್ಯಾಂಟಿನಲ್ಲಿ ಅದರೊಳಗೆ ಕೂತು ಎರಡು ಬಾಗಿಲನ್ನೂ ಹಾಕಿಕೊಂಡಾಗ ಅವರ ಮುಖದಲ್ಲಿ ಹಳೆಯ ಆಫೀಸು ಮರಳಿ ಬರುತ್ತಿತ್ತು. ಮುಂದೆ ಆರು ದೀಪ, ಹಿಂದೆ ಆರು, ಎರಡು ಮಗ್ಗುಲಿಗೆ ಒಂದೊಂದು, ಮೇಲೆ ಅಂಚಿಗೆ ನೀಲಿ ಬೆಳಕಿನ ಪಟ್ಟಿ, ಹಾಡಿನ ಪೆಟ್ಟಿಗೆ, ಹಿಂದಕ್ಕೆ ನೋಡುವ ಕ್ಯಾಮೆರಾ. ಇಷ್ಟೂ ಬೇಕೆಂದರು. ನೀಲಿ ಪಟ್ಟಿ ಬದನೆ ಗಿಡಕ್ಕೆ ದಾರಿ ತೋರಿಸಲಿಕ್ಕೋ ಎಂದು ಹುಲಗೇಶ ಬೆನ್ನ ಹಿಂದೆ ಕೇಳಿದ. ಕೇಳಿ, ಹಾಕಿಕೊಟ್ಟ.

ಕೆಲಸ ಮಾತ್ರ ಚೆಂದವಿತ್ತು. ಎರಡೆರಡು ದೀಪಕ್ಕೆ ಸ್ವಿಚ್ಚಿನ ಭಾರ ಇಳಿಸುವ ಒಂದು ರಿಲೇ, ಪ್ರತಿಯೊಂದಕ್ಕೂ ಬೇರೆ ಫ್ಯೂಸು. ಕೊಳವೆಯೊಳಗೆ ಇಳಿದ ವೈರುಗಳು ಗೇಣಿಗೊಂದು ಗಂಟಿನಲ್ಲಿ, ಶಾಲೆಗೆ ಹೊರಟ ಹುಡುಗಿಯ ಜಡೆಯ ಹಾಗೆ ಕೂತಿದ್ದವು. ಕೊನೆಗೆ ಎಲ್ಲ ಕಪ್ಪು ವೈರುಗಳನ್ನು ಒಟ್ಟು ಸೇರಿಸಿ ಕ್ಯಾಬಿನ್ನಿನ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿದ. ಲಾರಿಗಳಲ್ಲಿ ಮೂವತ್ತು ವರ್ಷ ಮಾಡಿದ್ದು ಅದನ್ನೇ. ಗಾಡಿಯ ಮೈಯೇ ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ. ಎರಡೆರಡೇ ದೀಪ ಹಚ್ಚಿ ನೋಡಿದ. ಹದಿನಾಲ್ಕನ್ನೂ ಒಟ್ಟಿಗೆ ಹಚ್ಚಿ ನೋಡುವುದು ತನ್ನ ಕೈಮೇಲೆ ನಂಬಿಕೆಯಿಲ್ಲದವರ ಕೆಲಸ.

ಇಪ್ಪತ್ತು ದಿನಕ್ಕೆ ಪ್ರಾಣೇಶರಾಯರ ಫೋನು ಬಂತು. ದೀಪಗಳು ಎಣ್ಣೆ ತೀರಿದ ಹಣತೆಯ ಹಾಗೆ ಮಂಕಾಗಿವೆ, ಆಕ್ಸಿಲರೇಟರ್ ಹಿಡಿದುಕೊಂಡಿದೆ ಎಂದರು. ಹುಲಗೇಶ ಚಹಾ ಕುಡಿಯುತ್ತಿದ್ದ. ಕಪ್ಪು ಕೆಳಗಿಡದೆ ತೀರ್ಪು ಕೊಟ್ಟ. ಡ್ರೈವರು ಎಂಜಿನ್ ಬಂದ್ ಮಾಡಿ, ದೀಪ ಹಚ್ಚಿಕೊಂಡು, ಹಾಡು ಕೇಳುತ್ತ ಕೂರುತ್ತಾನೆ, ಬ್ಯಾಟರಿ ಕೊಂದಿದ್ದಾನೆ. ರಾಯರು ಅದನ್ನೇ ಒಪ್ಪಿಕೊಂಡರು. ಬೇರೆಯವರ ಹೆಸರಿರುವ ಕಾರಣ ಬೇಕಿತ್ತು, ಸಿಕ್ಕಿತ್ತು.

ಭಾನುವಾರ ಟ್ರ್ಯಾಕ್ಟರು ಬಂತು. ನಡೆಸಿಕೊಂಡು ಬಂದವನು ಹೊಲದ ಪಕ್ಕದೂರಿನ ಯಾದಯ್ಯ, ಅದೇ ಡ್ರೈವರು. ಇಲ್ಲಿ ಕೀಲಿ ಒಪ್ಪಿಸಿ ಮನೆಗೆ ಹೋಗಬೇಕೆಂದು ಪಕ್ಕದಲ್ಲಿ ಕೂತಿದ್ದ ರಾಯರು ಅವನಿಗೆ ದಾರಿಯಲ್ಲೇ ಹೇಳಿದ್ದರು. ತನ್ನ ನೌಕರಿ ಕಳೆಯುವ ಜಾಗಕ್ಕೆ ತಾನೇ ಗಾಡಿ ಹೊಡೆದುಕೊಂಡು ಬಂದಿದ್ದ. ಆ ಹಾಡಿನ ಪೆಟ್ಟಿಗೆಯನ್ನು ಶುರು ಮಾಡುವುದೇ ತನಗೆ ಗೊತ್ತಿಲ್ಲವೆಂದು ತೆಲುಗಿನಲ್ಲಿ ಒಂದೇ ಸಲ ಹೇಳಿದ. ಅಲ್ಲಿದ್ದ ಎಲ್ಲರಿಗೂ ತೆಲುಗು ಬರುತ್ತಿತ್ತು. ಆಮೇಲೆ ಕೀಲಿಯನ್ನು ರಾಯರ ಕೈಗಿಟ್ಟು, ಟಿಫಿನ್ ಡಬ್ಬಿ, ಟವೆಲು ತೆಗೆದುಕೊಂಡು ಎದುರಿನ ಬಸ್ ಸ್ಟಾಪಿಗೆ ಹೋಗಿ ನಿಂತ.

ಅಪರಾಧ ತೋರಿಸಲೆಂದು ಹುಲಗೇಶ ಬ್ಯಾಟರಿಗೆ ಮೀಟರು ಹಿಡಿದ. ಬ್ಯಾಟರಿ ಗಟ್ಟಿಯಾಗಿತ್ತು, ಚಾರ್ಜು ಪೂರ್ತಿಯಿತ್ತು. ಮೀಟರಿನ ಎರಡೂ ಮೊನೆ ಒರೆಸಿ ಮತ್ತೆ ಹಿಡಿದ. ಮೀಟರು ಮಾಡಿದ ಕಂಪನಿಯನ್ನು ಬೈದ.

ಶೈಲಶ್ರೀ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಕ್ಯಾಬಿನ್ ರಬ್ಬರಿನ ಮ್ಯಾಲೆ ಕುಂತೈತ್ರಿ. ನಾಲ್ಕೂ ಮೂಲ್ಯಾಗ. ಅವತ್ತ ಬೋಲ್ಟ್ ಬಿಗಿಯೂವಾಗs ಹೇಳಿದ್ದೆ."

"ಸೂಜಿಯವ್ರು ಸೂಜಿ ನೋಡಬೇಕು."

"ಸೂಜಿ ಹಿಡಕೊಂಡs ಅದರ ಕೆಳಗ ಅಂಗಾತ ಬಿದ್ದು ಹೊಲದೀನ್ರಿ ನಾ. ನೀವು ಬಗ್ಗಿ ನೋಡೀರೇನು?"

ಬಗ್ಗಿದ. ಕೈ ಅಗಲದ ನಾಲ್ಕು ಕಪ್ಪು ರಬ್ಬರು, ಒಳಗೆ ಕೂತವನ ಮೈ ಕುಲುಕದಿರಲೆಂದು ಇಟ್ಟವು. ಮೇಲಿನ ಕಬ್ಬಿಣ ಕೆಳಗಿನ ಕಬ್ಬಿಣವನ್ನು ಎಲ್ಲೂ ಮುಟ್ಟುತ್ತಿರಲಿಲ್ಲ. ಹದಿನಾಲ್ಕು ದೀಪದ ಕರೆಂಟು ಮರಳುವ ದಾರಿ ಕಾಣದೆ, ಕೈಗೆ ಸಿಕ್ಕಿದ ತೆಳ್ಳನೆಯ ಆಕ್ಸಿಲರೇಟರ್ ಕೇಬಲ್ಲಿನೊಳಗೆ ಹಾದು ಹೋಗಿತ್ತು. ಕೇಬಲ್ಲಿನ ಪ್ಲಾಸ್ಟಿಕ್ಕು ಮೇಣದ ಹಾಗೆ ಕರಗಿ ಅಂಟಿತ್ತು.

ಹುಲಗೇಶ ದೀಪದ ಸ್ವಿಚ್ಚುಗಳನ್ನೆಲ್ಲ ಒತ್ತಿ, ಒಂದು ದಪ್ಪ ವೈರು ತಂದ. ಬ್ಯಾಟರಿಯ ನೆಗೆಟಿವ್‌ಗೆ ಒಂದು ತುದಿ ಕಚ್ಚಿಸಿ ಇನ್ನೊಂದನ್ನು ಕ್ಯಾಬಿನ್ನಿನ ಬೋಲ್ಟಿಗೆ ಮುಟ್ಟಿಸಿದ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಹದಿನಾಲ್ಕು ದೀಪ ಕಣ್ಣಿಗೆ ಚುಚ್ಚುವಂತೆ ಹತ್ತಿದವು.

ಪ್ರಾಣೇಶರಾಯರು ಕೈ ಅಡ್ಡ ಹಿಡಿದು ನಕ್ಕರು. "ನೋಡಪಾ ಹುಲಗೇಶ, ಅಂವ ಇಳದು ಹೋಗೂದs ತಡ, ಗಾಡಿಗೆ ಜೀವ ಬಂತು."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಒಂದು ವೈರು ಬಿಗಿದು ಕಳಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಾಯರಂತೂ ಜನ್ಮದಲ್ಲಿ ಕ್ಯಾಬಿನ್ನಿನ ಕೆಳಗೆ ಬಗ್ಗುವವರಲ್ಲ. ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಹೆಂಡತಿ ಏನಾದರೂ ಚುಚ್ಚಿ ಮಾತಾಡಲಿ ಎಂದು ಹುಲಗೇಶ ಅತ್ತ ನೋಡಿದ. ಬೈಸಿಕೊಂಡರೆ ತಿರುಗಿ ಬೈಯಬಹುದಿತ್ತು. ಅವಳು ಹಲ್ಲಿನಿಂದ ದಾರ ಕಡಿದು, ಮುಂದಿನ ರೆಕ್ಸಿನ್ ಮಡಚುತ್ತಿದ್ದಳು.

"ಸಾಹೇಬ್ರ, ನಿಮಗ ಗಾಡಿ ತಿಳಿಯೂದಿಲ್ಲ, ಹೊಲಾನೂ ತಿಳಿಯೂದಿಲ್ಲ," ಎಂದ ಹುಲಗೇಶ. ತಪ್ಪೊಪ್ಪಿಕೊಳ್ಳಲೂ ಅವನಿಗೆ ಮೊದಲು ಯಾರನ್ನಾದರೂ ಹಳಿಯಬೇಕು. "ನನಗ ತಿಳೀತಿತ್ತು. ನಾ ಬಗ್ಗಲಿಲ್ಲ. ಕೀಲಿ ಕೊಡ್ರಿ ಇಲ್ಲೆ."

"ಕೀಲಿ ಯಾಕ?"

ಸ್ಟಾಪಿನಲ್ಲಿ ಯಾದಯ್ಯ ಬಸ್ಸಿಗೆ ಕೈ ಅಡ್ಡ ಮಾಡುತ್ತಿದ್ದ. ಹುಲಗೇಶ ರಾಯರ ಬೆರಳುಗಳಿಂದ ಕೀಲಿ ಬಿಡಿಸಿಕೊಂಡ. "ಬ್ಯಾಟರಿ ಅಂವ ಕೊಂದಿಲ್ರಿ. ಫೋನಿನ್ಯಾಗ ನಾ ಹೇಳಿದ್ದು ನೋಡದs ಹೇಳಿದ್ದು, ಅರ್ಥಿಂಗ್ ಹಾಕಿದ ಕೈ ನನ್ನ..." ಎನ್ನುತ್ತ, ಮಾತು ಮುಗಿಸದೆ, ಕೀಲಿ ಹಿಡಿದ ಎಣ್ಣೆಗೈಯನ್ನು ಮೇಲೆತ್ತಿ ಬಸ್ಸಿನ ಎದುರಿಗೆ ನಡೆದುಹೋದ.