ನಂಜುಂಡಪ್ಪನವರು ನೆಯ್ದ ಸೆರಗು

ನಮ್ಮ ದೇವರ ಮನೆಯಲ್ಲಿ ನಂದಾದೀಪದ ಎಣ್ಣೆಯನ್ನು ತುಂಬಿಡುವುದು ಗಾಜಿನ ಒಂದು ಸಲೈನ್ ಬಾಟಲಿಯಲ್ಲಿ. ಮಡಿಯ ಜಾಗದಲ್ಲಿ ಆಸ್ಪತ್ರೆಯ ಸಾಮಾನೇ ಎಂದು ನೀವು ಹುಬ್ಬೇರಿಸಬಹುದು, ಮಿತ್ರರೇ. ನನ್ನ ತಂದೆಯ ಮೈಗೆ ಹನಿಹನಿಯಾಗಿ ಜೀವವನ್ನು ಇಳಿಸಿದ ಪಾತ್ರೆಗಿಂತ ಮಡಿಯಾದುದು ಯಾವುದಿದ್ದೀತೆಂದು ನನ್ನ ತಾಯಿ ಕೇಳುತ್ತಿದ್ದರು.

ಅರವತ್ತರ ದಶಕದಲ್ಲಿ, ದೇಶದೇಶಗಳನ್ನು ದಾಟಿ ಬಂದ ಕಾಲರಾ ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೂ ಕಾಲಿಟ್ಟಿತು. ತಂದೆಯವರು ಒಂದೇ ಹಗಲಿನಲ್ಲಿ ಬತ್ತಿದ ಕೆರೆಯಂತಾದರು. ರಾಮಾಪುರ, ಧನಗೆರೆಗಳ ಕಡೆಯಿಂದ ಗಾಡಿಗಳಲ್ಲಿ ಬಂದ ರೋಗಿಗಳಿಂದ ಆಸ್ಪತ್ರೆ ತುಂಬಿತ್ತು. ತಂದೆಯ ಮಂಚದ ಬಳಿ ಒಬ್ಬ ದಾದಿ ಹನಿಗಳನ್ನು ಎಣಿಸುತ್ತ ಕದಲದೆ ಕುಳಿತಿದ್ದರು. "ನಾಡಿದ್ದು ಸಂಜೆಯವರೆಗೆ ಬಾಟಲಿ ಇದೆ, ಆಮೇಲಿನದನ್ನು ಮೈಸೂರಿಂದ ನೀವೇ ತರಬೇಕು" ಎಂದರು ಡಾಕ್ಟರು. ಬೀದಿಯ ಮನೆಮನೆಯಲ್ಲೂ ರೋಗವಿದ್ದಾಗ ಕೈಯೊಡ್ಡುವುದು ಯಾರ ಮುಂದೆ? ನಮಗಿದ್ದ ಆಸ್ತಿಯೆಂದರೆ ಮಗ್ಗದ ಮೇಲಿದ್ದ ರೇಷ್ಮೆ ಸೀರೆಯೊಂದೇ. ಯಳಂದೂರಿನ ಮದುವೆಯ ಮನೆಯವರು ಹೇಳಿ ನೆಯ್ಸುತ್ತಿದ್ದುದು, ಒಪ್ಪಿಸಿದ ಕೂಡಲೇ ಹಣ. ಆದರೆ ಸೆರಗು ಇನ್ನೂ ಆಗಿರಲಿಲ್ಲ. ನನಗೋ ತಂದೆಯವರು ನೆಯ್ಗೆಯ ಲಾಳಿಯನ್ನು ಕೊಡದೆ ಸಂಸ್ಕೃತವನ್ನು ಕೊಟ್ಟಿದ್ದರು.

ಒಬ್ಬ ನೇಕಾರನ ಹಾಸು, ಎಂದರೆ ಉದ್ದದ ಎಳೆಗಳು, ಮಗ್ಗದ ಮೇಲಿರುವಾಗ ಇನ್ನೊಬ್ಬನು ನೆಯ್ಯಲು ಕಾಲಿಳಿಬಿಟ್ಟು ಕೂರುವ ಆ ಮಗ್ಗದ ಗುಂಡಿಗೆ ಇಳಿಯಬಾರದೆಂಬುದು ನಮ್ಮವರ ಕಟ್ಟಳೆ. ಹಣಿಗೆಯನ್ನೆಳೆದು ಎಳೆಯನ್ನು ಕೂಡಿಸುವ ಹೊಡೆತ ಒಬ್ಬೊಬ್ಬರದು ಒಂದೊಂದು ಬಗೆ. ಕೈ ಬದಲಾದರೆ ಬಟ್ಟೆಯೇ ಸಾಕ್ಷಿ ಹೇಳುತ್ತದೆ. ತಂದೆಯವರದು ಮೃದುವಾದ ಹೊಡೆತ, ಎದುರುಮನೆಯ ನಂಜುಂಡಪ್ಪನವರದು ಬಿಗಿಯಾದದ್ದು. "ನೀನು ನೆಯ್ಯೋದು ಸೊಳ್ಳೆ ಪರದೆ ಕಣ್ಲಾ" ಎಂದು ನಂಜುಂಡಪ್ಪನವರೂ, "ನಿಂದು ಗೋಣಿಚೀಲ" ಎಂದು ತಂದೆಯವರೂ ಹತ್ತು ಜನರ ನಡುವೆ ಆಡಿಕೊಂಡ ದಿನದಿಂದ ಹನ್ನೆರಡು ವರ್ಷ ಇಬ್ಬರಿಗೂ ಮಾತಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಆ ನಂಜುಂಡಪ್ಪನವರೇ ನಮ್ಮ ಹೊಸ್ತಿಲಲ್ಲಿ, ತಾಯಿಯ ಎದುರು ನಿಂತಿದ್ದರು.

"ತಂಗ್ಯವ್ವಾ, ಮಗ್ಗಕ್ಕೆ ಇಳೀಲಾ?"

"ಅವರು ಒಪ್ಪಾಕಿಲ್ಲ ಅಣ್ಣಾ."

"ಒಪ್ದೆ ಜಗಳಾಡಕ್ಕಾದ್ರೂ ಅವನು ಬದುಕಬೇಕಲ್ಲವ್ವಾ."

ತಾಯಿ ಮಗ್ಗದ ಮೇಲಿನ ಮುಸುಕನ್ನು ತೆಗೆದರು. ಗುಂಡಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದ ನಂಜುಂಡಪ್ಪನವರು ಅಭ್ಯಾಸಬಲದಿಂದ ನಾಲ್ಕೆಳೆ ಬಿಗಿಯಾಗಿ ಹೊಡೆದರು, ನೋಡಿದರು, ಆ ನಾಲ್ಕನ್ನೂ ಒಂದೊಂದಾಗಿ ಬಿಚ್ಚಿದರು. ತಂದೆಯವರು ನೆಯ್ದಿದ್ದ ಭಾಗದ ಮೇಲೆ ಅಂಗೈಯಿಟ್ಟು, ಜಪಕ್ಕೆ ಕುಳಿತವರಂತೆ ಕಣ್ಣುಮುಚ್ಚಿ, ಬಹಳ ಹೊತ್ತಿನ ಮೇಲೆ ಮತ್ತೆ ಹಣಿಗೆಯನ್ನು ಎಳೆದರು. ಆ ಸದ್ದು ನನ್ನ ತಂದೆಯದೇ ಎಂದು ಅಡುಗೆಮನೆಯಲ್ಲಿದ್ದ ತಾಯಿ ಒಮ್ಮೆ ಹೊರಗೆ ಓಡಿಬಂದರು.

ದೀಪ ಹಚ್ಚುವ ವೇಳೆಗೆ ಸೀರೆ ಮಗ್ಗದಿಂದ ಇಳಿಯಿತು. "ಏನ್ಲಾ ಪಂಡಿತ, ಮೊದಲ ಬಸ್ಸಿಗೇ ಓಗು" ಎಂದಷ್ಟೇ ನನಗೆ ಹೇಳಿ, ನಂಜುಂಡಪ್ಪನವರು ಒಂದು ಲೋಟ ನೀರನ್ನೂ ಮುಟ್ಟದೆ ಎದ್ದುಹೋದರು.

ಮರುದಿನ ಯಳಂದೂರಿನಲ್ಲಿ ಮದುವಣಗಿತ್ತಿಯ ಅಜ್ಜಿ ಸೆರಗಿನ ಮೇಲೆ ಬೆರಳಾಡಿಸಿ, "ನಿಮ್ಮಪ್ಪನ ಕೈ ಬೆಣ್ಣೆ ಕಣಪ್ಪ" ಎಂದರು. ಬಿಳಿಗಿರಿಯ ರಂಗನಾಥನ ನೆರಳಿನಲ್ಲಿ ನಿಂತು ಸುಳ್ಳಾಡಲಾರದೆ, ಸೆರಗು ಬೇರೆಯವರದೆಂದೆ, ಕಾರಣವನ್ನೂ ಹೇಳಿದೆ. ಆಕೆ ಮತ್ತೊಮ್ಮೆ ಮುಟ್ಟಿ ನೋಡಿದರು. "ನಂಗೆ ತಿಳೀಲಿಲ್ವಲ್ಲ" ಎಂದು ಒಪ್ಪಿದ ಬೆಲೆಯನ್ನು ಪೂರ್ತಿ ಕೊಟ್ಟರು. ಅಲ್ಲಿಂದ ಮೈಸೂರಿಗೆ ಹೋಗಿ, ಬಾಟಲಿಗಳನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ನಾನು ಹಿಂದಿರುಗಿದಾಗ ದಾದಿಯ ಬಳಿ ಉಳಿದಿದ್ದುದು ಕೊನೆಯ ಬಾಟಲಿಯ ಕಾಲುಭಾಗ. ತಂದೆಯವರು ಬದುಕಿದರು.

ಆಸ್ಪತ್ರೆಗೆ ಎಷ್ಟಾಯಿತು ಎಂದು ಕೇಳುವುದು ಲೋಕರೂಢಿ. ಗಾಜಿನೊಳಗಿನ ಉಪ್ಪುನೀರಿಗೆ ಅಂಗಡಿಯವನು ಬೆಲೆ ಹೇಳಿದ, ರೇಷ್ಮೆ ಅದನ್ನು ತೆತ್ತಿತು. ಆದರೆ ಜೀವಮಾನವೆಲ್ಲ ತನ್ನ ಹೊಡೆತವೇ ಮೇಲೆಂದು ನಂಬಿದ್ದ ಕುಶಲಿಯೊಬ್ಬ ಒಂದು ಹಗಲಿಡೀ ತನ್ನ ಕೈಯನ್ನು ತಾನೇ ತಡೆದು, ತಾನು ಹಳಿಯುತ್ತಿದ್ದ ಕೈಯಂತೆ ನೆಯ್ದನಲ್ಲ, ಅದನ್ನು ಯಾವ ನಾಣ್ಯದಲ್ಲಿ ಅಳೆಯೋಣ? ಇಂಥವರಿದ್ದ ಬೀದಿಯಲ್ಲಿ ಹುಟ್ಟಿದೆನೆಂಬ ಹೆಮ್ಮೆ, ನಾನು ಕಲಿತ ಎಲ್ಲ ವಿದ್ಯೆಯ ಹೆಮ್ಮೆಗಿಂತ ಒಂದು ತೂಕ ಹೆಚ್ಚು.

ತಂದೆಯವರು ಗಂಜಿ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನಡೆಯುವಷ್ಟು ಬಲ ಬಂದ ದಿನ ಮಿಂದು, ನನ್ನ ಹೆಗಲನ್ನು ಹಿಡಿದು ಬೀದಿ ದಾಟಿ, ನಂಜುಂಡಪ್ಪನವರ ಮಗ್ಗದ ಮುಂದೆ ನಿಂತರು.

"ಏಳ್ಲಾ ನಂಜುಂಡ. ಇವತ್ತೊಂದಿನ ನಾನು ಕೂರ್ತೀನಿ."

ನಂಜುಂಡಪ್ಪನವರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗುಂಡಿಯಿಂದ ಮೇಲೆದ್ದರು. ತಂದೆಯವರು ಇಳಿದು, ತಮ್ಮ ಮೃದುವಾದ ಹೊಡೆತವನ್ನು ಬಿಟ್ಟು ಮೊದಲ ಎಳೆಯನ್ನು ಬಿಗಿಯಾಗಿ ಹೊಡೆದರು. ನಂಜುಂಡಪ್ಪನವರು ಬಗ್ಗಿ ಬಟ್ಟೆಯನ್ನು ಮುಟ್ಟಿದರು.

"ಇನ್ನೂ ಬಿಗಿಯಾಗಿ ಹೊಡಿ. ಕಾಯ್ಲೆ ಬಿದ್ದೆದ್ದವನು ಅಂತ ಬುಡಾಕಿಲ್ಲ."

ತಂದೆಯವರು ಹಣೆಯ ಬೆವರನ್ನು ಒರೆಸಿಕೊಂಡು, ಹಲ್ಲುಕಚ್ಚಿ, ಇನ್ನೂ ಬಿಗಿಯಾಗಿ ಹೊಡೆದರು.